ಪಟ್ಟಿಯಲ್ಲೊಂದು ಹೆಸರು: ಕನ್ನಡ ನಾಡಿನ ಸ್ತ್ರೀಯರು ಮತಾಧಿಕಾರ ಪಡೆದ ಬಗೆ

ಧಾರವಾಡ, ಬಿಜಾಪುರಗಳ ಕಡೆಯ ಮದುವೆಮನೆಗಳಲ್ಲಿ, ನವವಧುವು ಹೊಸ್ತಿಲು ದಾಟುವ ಮುನ್ನ ನಾದಿನಿಯರೂ ನೆರೆಹೊರೆಯ ಹೆಂಗಸರೂ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದ ಹೊರತು ಒಳಗೆ ಬಿಡುವುದಿಲ್ಲವೆಂದು ಹಟ ಹಿಡಿಯುವುದನ್ನೂ, ಆಕೆ ತಲೆ ತಗ್ಗಿಸಿ ಒಂದು ಒಡಪಿನ ನಡುವೆ ಆ ಹೆಸರನ್ನು ಹೆಣೆದು ಹೇಳಿ ಒಳಬರುವುದನ್ನೂ ಕಂಡವರು ಈ ಸಂಚಿಕೆಯ ಓದುಗರಲ್ಲಿ ಹಲವರಿರಬಹುದು. ಆ ದಿನ ಬಿಟ್ಟರೆ ಗಂಡನ ಹೆಸರು ಆಕೆಯ ಬಾಯಲ್ಲಿ ಬರುತ್ತಿದ್ದುದು ಅಪೂರ್ವ. ಇನ್ನು ಆಕೆಯ ಹೆಸರೋ, ಸೊಸೆಯೆಂದೂ ಅತ್ತಿಗೆಯೆಂದೂ ಇಂಥವರ ತಾಯಿಯೆಂದೂ ಕರೆಯಿಸಿಕೊಳ್ಳುತ್ತ ಕರೆಯಿಸಿಕೊಳ್ಳುತ್ತ, ಆ ಸಂಬಂಧವಾಚಕಗಳ ರಾಶಿಯ ಅಡಿಯಲ್ಲಿ ಮೆಲ್ಲಗೆ ಮರೆಯಾಗಿ, ಕೊನೆಗೆ ಮೊಮ್ಮಕ್ಕಳಿಗೂ ತಿಳಿಯದ ಗುಟ್ಟಾಗಿ ಉಳಿದುಬಿಡುತ್ತಿದ್ದಿತು.

ಮನೆಯೊಳಗಿನ ಈ ಸಂಗತಿಯು ಒಮ್ಮೆ ರಾಷ್ಟ್ರದ ಸಮಸ್ಯೆಯಾಗಿ ಪರಿಣಮಿಸಿತು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗಾಗಿ 1951ರ ವೇಳೆಗೆ ಮತದಾರರ ಪಟ್ಟಿಗಳು ಸಿದ್ಧವಾಗುತ್ತಿದ್ದಾಗ, ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ ಮೊದಲಾದ ಉತ್ತರದ ಪ್ರಾಂತಗಳಲ್ಲಿ ಲಕ್ಷಾಂತರ ಸ್ತ್ರೀಯರು ತಮ್ಮ ಸ್ವಂತ ಹೆಸರನ್ನು ಅಪರಿಚಿತನ ಮುಂದೆ ಹೇಳಲೊಲ್ಲದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಪ್ರಜೆಯೆಂಬುವಳಿಗೆ ತನ್ನದೇ ಒಂದು ಹೆಸರಿರಬೇಕೆಂಬುದು ಅವರ ನಿಲುವು. ಹೆಸರು ತಿದ್ದಿಸಿಕೊಳ್ಳಲು ಅವಕಾಶ ಕೊಟ್ಟ ಮೇಲೂ ಉಳಿದುಹೋದವರನ್ನು ಪಟ್ಟಿಯಿಂದ ತೆಗೆಯಲಾಯಿತು. ದೇಶದ ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ ಹೀಗೆ ಮತ ಕಳೆದುಕೊಂಡವರು ಸುಮಾರು 28 ಲಕ್ಷ ಮಂದಿ. ಮತಾಧಿಕಾರವೆಂಬುದು ಮೊದಲಿಗೆ ಒಂದು ಹೆಸರಿನ ಪ್ರಶ್ನೆ. ಆ ಹೆಸರು ಪಟ್ಟಿಗೆ ಸೇರುವುದಕ್ಕೆ ನಮ್ಮ ನಾಡಿನಲ್ಲಿ ಎಷ್ಟು ಕಾಲ ಹಿಡಿಯಿತು, ಯಾರಾರು ದುಡಿದರು ಎಂಬುದನ್ನು ಕಡಲಾಚೆಯ ಕನ್ನಡಿಗರ ಮುಂದಿಡುವುದು ಈ ಬರಹದ ಉದ್ದೇಶ.

ಇಂದು ಕರ್ನಾಟಕವೆಂದು ಕರೆಯುವ ನಾಡು ಅಂದು ಒಂದಾಗಿರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ಮೈಸೂರು ಒಡೆಯರ ಸಂಸ್ಥಾನ ಒಂದು ಕಡೆ; ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತಕ್ಕೆ; ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದರಾಸಿಗೆ; ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮನಿಗೆ; ಕೊಡಗು ಬೇರೆಯೇ. ಹೀಗೆ ಹರಿದು ಹಂಚಿಹೋಗಿದ್ದುದರಿಂದ ಕನ್ನಡ ಸ್ತ್ರೀಗೆ ಮತಾಧಿಕಾರ ಬಂದ ತೇದಿಯೂ ಒಂದಲ್ಲ.

ಮೈಸೂರಿನ ಕಥೆಯು 1881ರಿಂದ ಆರಂಭವಾಗುತ್ತದೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲು ಸೇರಿದುದೂ, ಅಂಬಳೆ ನರಸಿಂಹಯ್ಯಂಗಾರ್ಯರ ಪ್ರಯತ್ನದಿಂದ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಪಾಠಶಾಲೆಯು ಹುಟ್ಟಿದುದೂ ಅದೇ ವರ್ಷ. ಸಭೆಯಲ್ಲಿ ಹೆಣ್ಣಿಗೆ ಸ್ಥಾನವಿರಲಿಲ್ಲ. ಶಾಲೆಯಲ್ಲಿ ಕಲಿತವಳು ಸಭೆಯ ವಿಷಯವನ್ನು ಕೇಳಿಯಾಳೆಂಬ ಶಂಕೆಯೂ ಆಗ ಯಾರಿಗೂ ಇರಲಿಲ್ಲ. ಇದಕ್ಕಿಂತ ವಿಚಿತ್ರವಾದ ಸಂಗತಿ ಮತ್ತೊಂದಿದೆ. ಚಾಮರಾಜೇಂದ್ರ ಒಡೆಯರು ಅಕಾಲದಲ್ಲಿ ತೀರಿಕೊಂಡ ಮೇಲೆ, 1902ರವರೆಗೂ ಸಂಸ್ಥಾನದ ಸೂತ್ರವನ್ನು ಹಿಡಿದು ರಾಜ್ಯವಾಳಿದವರು ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು. ಸಿಂಹಾಸನದ ಪರವಾಗಿ ಒಬ್ಬ ಸ್ತ್ರೀ ಆಜ್ಞೆ ಮಾಡಬಹುದಾಗಿದ್ದ ನಾಡಿನಲ್ಲಿ, ಪ್ರತಿನಿಧಿಯನ್ನು ಆರಿಸುವ ಸಣ್ಣ ಅಧಿಕಾರ ಮಾತ್ರ ಯಾವ ಸ್ತ್ರೀಗೂ ಇರಲಿಲ್ಲ. ಶಾಲೆಯೂ ಸಭೆಯೂ ಪರಸ್ಪರ ಮುಖ ನೋಡಲು ನಾಲ್ವತ್ತೆರಡು ವರ್ಷ ಬೇಕಾಯಿತು.

ಈ ನಡುವೆ ಅಕ್ಷರ ಕಲಿತ ಹೆಂಗಸರು ಸುಮ್ಮನೆ ಕುಳಿತಿರಲಿಲ್ಲ. ನಂಜನಗೂಡಿನ ತಿರುಮಲಾಂಬ ಅವರು, ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡವರು, ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ತಾವೇ ನಡೆಯಿಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮನವರು, ಅವರೂ ಬಾಲವಿಧವೆಯೇ, ‘ಸರಸ್ವತಿ’ ಮಾಸಪತ್ರಿಕೆಯನ್ನು ನಾಲ್ಕು ದಶಕಗಳ ಕಾಲ ಹೊರತಂದರು. ಮತದ ಹಕ್ಕನ್ನು ಕೇಳುವ ಮೊದಲು ಅಭಿಪ್ರಾಯವೊಂದು ತನಗಿದೆಯೆಂದು ಹೆಣ್ಣು ತೋರಿಸಬೇಕಾಗಿದ್ದ ಕಾಲದಲ್ಲಿ, ಮುಖಪುಟದಲ್ಲಿ ಸಂಪಾದಕಿಯೆಂದು ಹೆಣ್ಣಿನ ಹೆಸರು ಅಚ್ಚಾದುದು ಸಾಮಾನ್ಯ ಸಂಗತಿಯಲ್ಲ.

ಮತಾಧಿಕಾರವನ್ನು ಬಾಯಿಬಿಟ್ಟು ಕೇಳಿದ ವರ್ಷ 1917. ಆ ಮೇ ತಿಂಗಳಲ್ಲಿ ಮದರಾಸಿನ ಅಡ್ಯಾರಿನಲ್ಲಿ ‘ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್’ ಎಂಬ ಸಂಘವು ಹುಟ್ಟಿತು. ಆ್ಯನಿ ಬೆಸೆಂಟ್, ಡೊರೊಥಿ ಜಿನರಾಜದಾಸ, ಐರ್ಲೆಂಡಿನಿಂದ ಬಂದು ನೆಲೆಸಿದ ಮಾರ್ಗರೆಟ್ ಕಸಿನ್ಸ್ ಇದರ ಪ್ರವರ್ತಕರು. ಭಾರತಮಂತ್ರಿ ಮಾಂಟೆಗೊ ಅವರು ಮುಂದಿನ ಸುಧಾರಣೆಗಳನ್ನು ಕುರಿತು ಜನಾಭಿಪ್ರಾಯವನ್ನು ತಿಳಿಯಲು ಮದರಾಸಿಗೆ ಬಂದಾಗ, ಅದೇ ವರ್ಷದ ಡಿಸೆಂಬರಿನಲ್ಲಿ, ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಸ್ತ್ರೀಯರ ನಿಯೋಗವೊಂದು ಅವರನ್ನು ಕಂಡು, ಮತಾಧಿಕಾರವನ್ನು ವಿಸ್ತರಿಸುವಾಗ ಪ್ರಜೆಗಳೆಂಬ ಪದದಲ್ಲಿ ಹೆಂಗಸರನ್ನೂ ಎಣಿಸಬೇಕೆಂದು ಬೇಡಿಕೆಯನ್ನು ಸಲ್ಲಿಸಿತು. ತರುವಾಯ ಬಂದ ಸೌತ್‌ಬರೊ ಸಮಿತಿಯು, ಇಲ್ಲಿಯ ಸಮಾಜಸ್ಥಿತಿಯಲ್ಲಿ ಅದು ಅಕಾಲಿಕವೆಂದು ತಳ್ಳಿಹಾಕಿತು. ಸರೋಜಿನಿ ದೇವಿಯವರೂ, ಮುಂಬಯಿಯ ಹೀರಾಬಾಯಿ ಟಾಟಾ ಮತ್ತು ಅವರ ಮಗಳು ಮಿಠಾನ್ ಅವರೂ 1919ರಲ್ಲಿ ಲಂಡನ್ನಿಗೇ ಹೋಗಿ ವಾದಿಸಿದರು. ಕೊನೆಗೆ ಬ್ರಿಟಿಷ್ ಪಾರ್ಲಿಮೆಂಟು ಹೌದೆನ್ನದೆ ಅಲ್ಲವೆನ್ನದೆ, ಆಯಾ ಪ್ರಾಂತದ ಶಾಸನಸಭೆಯೇ ಇಚ್ಛಿಸಿದರೆ ಕೊಡಲೆಂದು ಹೊಣೆಯನ್ನು ಜಾರಿಸಿತು.

ಕೊಡಲಾರರೆಂದು ನಂಬಿ ಬಿಟ್ಟ ಬಾಗಿಲು ಇದಾಗಿದ್ದರೆ, ಆ ನಂಬಿಕೆ ಬಹುಬೇಗ ಸುಳ್ಳಾಯಿತು. 1921ರಲ್ಲಿ ಮದರಾಸು ಎಲ್ಲ ಬ್ರಿಟಿಷ್ ಪ್ರಾಂತಗಳಿಗಿಂತ ಮುಂದಾಗಿ ಸ್ತ್ರೀಯರಿಗೆ ಮತ ಕೊಟ್ಟಿತು. ಅದೇ ವರ್ಷ ಮುಂಬಯಿ ಅನುಸರಿಸಿತು. ಮೈಸೂರಿನಲ್ಲಿ 1923ರ ಪ್ರಜಾಪ್ರತಿನಿಧಿ ಸಭೆಯ ಕಾನೂನು ಮತದಾನಕ್ಕೆ ಸ್ತ್ರೀತ್ವವು ಅಡ್ಡಿಯೆಂಬ ನಿಯಮವನ್ನು ತೊಡೆದುಹಾಕಿತು. ಮಂಗಳೂರಿನ ಹೆಣ್ಣುಮಗಳೊಬ್ಬಳಿಗೆ ಮತವಿದ್ದು, ಆಗುಂಬೆಯ ಘಟ್ಟ ಹತ್ತಿ ತೀರ್ಥಹಳ್ಳಿಯ ಮನೆಗೆ ಸೊಸೆಯಾಗಿ ಬಂದ ಆಕೆಯ ತಂಗಿಗೆ ಅದಿಲ್ಲದಿದ್ದ ಎರಡು ವರ್ಷಗಳು ಹೀಗೆ ಉಂಟಾದುವು. ನೀವು ವಾಸಿಸುವ ದೇಶಗಳೊಡನೆ ಹೋಲಿಸಿ ನೋಡಿದರೆ ಇದು ತಡವೆನಿಸುವುದಿಲ್ಲ: ಅಮೆರಿಕದ ಸಂವಿಧಾನ ಸ್ತ್ರೀಯ ಮತವನ್ನು ಮನ್ನಿಸಿದುದು 1920ರಲ್ಲಿ, ಬ್ರಿಟನ್ನು ಗಂಡಿಗೂ ಹೆಣ್ಣಿಗೂ ಸಮಾನವಾಗಿ ಕೊಟ್ಟುದು 1928ರಲ್ಲಿ.

ಆದರೆ ಮತಕ್ಕೆ ಆಸ್ತಿಯೋ ಕಂದಾಯವೋ ಅರ್ಹತೆಯಾಗಿದ್ದಿತು. ಆಸ್ತಿಯೇ ಇಲ್ಲದ ಹೆಣ್ಣಿಗೆ ಅಡ್ಡಿ ತೊಲಗಿದರೂ ಹಾದಿ ಸಿಕ್ಕಲಿಲ್ಲ. ಈ ಅನ್ಯಾಯವನ್ನು ಬಾಲ್ಯದಲ್ಲಿಯೇ ಕಣ್ಣಾರೆ ಕಂಡವರೊಬ್ಬರು ಮಂಗಳೂರಿನಲ್ಲಿದ್ದರು. 1903ರಲ್ಲಿ ಅಲ್ಲಿ ಜನಿಸಿದ ಕಮಲಾದೇವಿಯವರ ತಂದೆ ಅನಂತಯ್ಯ ಧಾರೇಶ್ವರರು ಉನ್ನತ ಸರಕಾರಿ ಅಧಿಕಾರಿಗಳು. ಮಗಳಿಗೆ ಏಳು ವರ್ಷವಾದಾಗ ಅವರು ಉಯಿಲು ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಸೇರಿತು. ಕೊಟ್ಟ ಜೀವನಾಂಶವನ್ನು ತಾಯಿ ಗಿರಿಜಾಬಾಯಿಯವರು ಬೇಡವೆಂದು ತಿರಸ್ಕರಿಸಿದರು. ನೆರೆಹೊರೆಯ ಬಂಟರ, ಬಿಲ್ಲವರ ಮನೆತನಗಳಲ್ಲಿ ಅಳಿಯಸಂತಾನದ ಕಟ್ಟಿನಂತೆ ಸ್ವತ್ತು ತಾಯಿಯ ಕವಲಿನಲ್ಲಿ ಹರಿದು ಬರುತ್ತಿದ್ದ ಊರಿನಲ್ಲಿಯೇ, ಈ ತಾಯಿ ಬರಿಗೈಯಲ್ಲಿ ನಿಂತುದನ್ನು ಆ ಮಗಳು ನೋಡಿದಳು. ಚಿಕ್ಕವಯಸ್ಸಿನ ಮದುವೆ, ಎರಡೇ ವರ್ಷಗಳಲ್ಲಿ ವೈಧವ್ಯ, ಅನಂತರ ಸರೋಜಿನಿ ದೇವಿಯವರ ತಮ್ಮ ಹರೀಂದ್ರನಾಥ ಚಟ್ಟೋಪಾಧ್ಯಾಯರೊಡನೆ ಪುನರ್ವಿವಾಹ, ರಂಗಭೂಮಿ, ವಿದೇಶಯಾತ್ರೆ, ಇವೆಲ್ಲವನ್ನೂ ಇಪ್ಪತ್ತನಾಲ್ಕು ತುಂಬುವುದರೊಳಗೆ ದಾಟಿ ಬಂದವರು ಕಮಲಾದೇವಿ.

1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ಸ್ವಲ್ಪ ಮುಂಚೆ, ಸ್ತ್ರೀಯರು ಅಭ್ಯರ್ಥಿಗಳಾಗಿಯೂ ನಿಲ್ಲಬಹುದೆಂದಾಯಿತು. ಮಂಗಳೂರಿನಲ್ಲಿ ಹಿಂದೆ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ದುಡಿದು ಊರನ್ನು ಬಲ್ಲ ಮಾರ್ಗರೆಟ್ ಕಸಿನ್ಸರು ಕಮಲಾದೇವಿಯವರನ್ನು ಒತ್ತಾಯಪಡಿಸಿ ನಿಲ್ಲಿಸಿದರು. ಸಿದ್ಧತೆಗೆ ಕಾಲವಿರಲಿಲ್ಲ, ಪಕ್ಷದ ಬೆಂಬಲವಿರಲಿಲ್ಲ, ಮತವುಳ್ಳ ಹೆಂಗಸರು ವಿರಳ. ಮತ ಕೇಳಬೇಕಾಗಿದ್ದುದು ಬಹುಮಟ್ಟಿಗೆ ಗಂಡಸರ ಹತ್ತಿರವೇ. ಅತ್ಯಲ್ಪ ಅಂತರದಿಂದ ಅವರು ಸೋತರು. ಭಾರತದಲ್ಲಿ ಶಾಸನಸಭೆಗೆ ಮೊದಲು ಸ್ಪರ್ಧಿಸಿದ ಸ್ತ್ರೀಯೆಂದು ಚರಿತ್ರೆಯು ಅವರನ್ನು ಎಣಿಸುತ್ತದೆ. ಗೆಲುವಿಗಿಂತ ಆ ಸೋಲೇ ಹೆಚ್ಚಿನದನ್ನು ಸಿದ್ಧಪಡಿಸಿಕೊಟ್ಟಿತೆಂದು ನನಗೆ ತೋರುತ್ತದೆ. ಏಕೆಂದರೆ ಹೆಣ್ಣಿಗೆ ಗಂಡಸರು ಮತ ಹಾಕುವರೇ ಎಂಬ ಪ್ರಶ್ನೆಗೆ, ಹಾಕುವರೆಂಬ ಉತ್ತರವು ಅಂಕಿಯ ರೂಪದಲ್ಲಿ ದೊರೆತುಹೋಯಿತು. ಮರುವರ್ಷ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಹುಟ್ಟಿದಾಗ ಅದರ ಸಂಘಟನೆಯ ಭಾರ ಬಿದ್ದುದು ಇದೇ ಸೋತ ಅಭ್ಯರ್ಥಿಯ ಮೇಲೆ.

ಮತಪೆಟ್ಟಿಗೆಯ ಹಾದಿಯ ಜೊತೆಜೊತೆಗೆ ಬೀದಿಯ ಹಾದಿಯೂ ತೆರೆಯುತ್ತಿದ್ದಿತು. ಗಾಂಧೀಜಿಯವರು ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಬೆಳಗಾವಿಯಲ್ಲಿ ನಡೆದಾಗ, ಡಾ. ನಾ. ಸು. ಹರ್ಡೀಕರರ ಸೇವಾದಳದ ಮಹಿಳಾ ವಿಭಾಗವನ್ನು ಕಟ್ಟಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಇಪ್ಪತ್ತೈದರ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡಿದ್ದ ಅವರಿಗೆ ಸಾರ್ವಜನಿಕ ಕಾರ್ಯದಲ್ಲಿ ಆಸರೆಯಾಗಿ ನಿಂತವರು ಮಾವನವರೇ. ಮನೆಮನೆಗೆ ಹೋಗಿ, ವಿಧವೆಯರನ್ನೂ ಒಳಗೊಂಡು, ನೂರೈವತ್ತಕ್ಕೂ ಹೆಚ್ಚು ಮಂದಿ ಸ್ವಯಂಸೇವಕಿಯರನ್ನು ಉಮಾಬಾಯಿ ಕಲೆಹಾಕಿದರು. 1932ರಲ್ಲಿ ಅವರು ಯರವಡಾ ಸೆರೆಮನೆಯಲ್ಲಿದ್ದಾಗಲೇ ಮಾವ ತೀರಿಕೊಂಡರು. ಬಿಡುಗಡೆಯಾಗಿ ಬಂದ ಮೇಲೆ, ಸೆರೆಯಿಂದ ಹೊರಬಂದು ಊರಿಗೆ ಹೋಗಲು ಗತಿಯಿಲ್ಲದ ಸತ್ಯಾಗ್ರಹಿ ಹೆಂಗಸರಿಗೆ ಅವರ ಮನೆಯೇ ತಂಗುದಾಣವಾಯಿತು. ಸ್ವಾತಂತ್ರ್ಯಾನಂತರ ಪದವಿಯನ್ನೂ ಪಿಂಚಣಿಯನ್ನೂ ಅವರು ಬಯಸಲಿಲ್ಲ.

1930ರ ದಂಡಿಯಾತ್ರೆಗೆ ಗಾಂಧೀಜಿಯವರು ಆರಿಸಿಕೊಂಡ ಸಂಗಡಿಗರೆಲ್ಲರೂ ಗಂಡಸರು. ಉಪ್ಪೆಂಬುದು ಅಡಿಗೆಮನೆಯ ವಸ್ತು, ಅದರ ಹೋರಾಟದಿಂದ ಹೆಂಗಸರನ್ನು ದೂರವಿಡುವುದೆಂತು ಎಂದು ಅವರ ಹತ್ತಿರ ಹೋಗಿ ವಾದಿಸಿದವರಲ್ಲಿ ಕಮಲಾದೇವಿ ಮುಖ್ಯರು. ಮುಂಬಯಿಯ ಬೀದಿಗಳಲ್ಲಿ ಕಾನೂನು ಮುರಿದು ಉಪ್ಪು ಮಾರಿ ಸೆರೆಮನೆಗೂ ಹೋದರು. ಇತ್ತ ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರಗಳಲ್ಲಿ ಕರನಿರಾಕರಣೆಯ ಚಳವಳಿ ಎದ್ದು, ಸರಕಾರ ರೈತರ ಜಮೀನುಗಳನ್ನು ಹರಾಜು ಹಾಕಿದಾಗ, ಆ ಸ್ವತ್ತನ್ನು ಕೊಂಡವರ ಮನೆಯ ಬಾಗಿಲಲ್ಲಿ ಅನ್ನನೀರು ಬಿಟ್ಟು ಕುಳಿತವರು ಮಲೆನಾಡಿನ ಗೃಹಿಣಿಯರು. ಬಹುಪಾಲು ಆ ಜಮೀನುಗಳು ಗಂಡಂದಿರ ಹೆಸರಿನಲ್ಲಿದ್ದುವು. ಉಪವಾಸ ಮಾತ್ರ ಹೆಂಡಿರದಾಗಿದ್ದಿತು. ಜೋಗದ ದಾರಿಯಲ್ಲಿ, ಮಾವಿನಗುಂಡಿಯಲ್ಲಿ, ಆ ಸ್ತ್ರೀಯರ ಸ್ಮಾರಕವೊಂದು ನಿಂತಿದೆ. ಜಲಪಾತ ನೋಡಲು ಹೋಗುವ ಕನ್ನಡಿಗರು ಅಲ್ಲಿ ಎರಡು ನಿಮಿಷ ವಾಹನವನ್ನು ನಿಲ್ಲಿಸುವುದುಚಿತ.

ಇಷ್ಟಾದ ಮೇಲೂ 1935ರ ಕಾಯಿದೆಯು ಕೊಟ್ಟುದು ಅರೆಬರೆಯ ಹಕ್ಕು. ಅಕ್ಷರ ಬಲ್ಲವಳಿಗೂ ಆಸ್ತಿಯುಳ್ಳವಳಿಗೂ ಮತ ಸಿಕ್ಕಿತು. ಆಸ್ತಿಯುಳ್ಳವನ ಹೆಂಡತಿಗೂ ಸಿಕ್ಕಿತು. ಮಹಿಳಾ ಸಂಘಗಳು ಈ ಪತ್ನೀತ್ವದ ಅರ್ಹತೆಯನ್ನು ವಿರೋಧಿಸಿ, ವಯಸ್ಕರೆಲ್ಲರಿಗೂ ಮತ ಕೊಡಿರೆಂದು ಕೇಳಿದುವು, ಕೇಳಿದ್ದು ಸಿಕ್ಕಲಿಲ್ಲ. ಇಂಥವನ ಹೆಂಡತಿಯೆಂಬ ಕಾರಣದಿಂದಲೇ ಹೆಣ್ಣನ್ನು ಪಟ್ಟಿಗೆ ಸೇರಿಸಿದ ಕಾನೂನು ಅದು; ಇಂಥವನ ಹೆಂಡತಿಯೆಂದು ಬರೆಸಿದುದಕ್ಕಾಗಿಯೇ ಹದಿನೈದು ವರ್ಷಗಳ ತರುವಾಯ 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಟ್ಟ ವ್ಯವಸ್ಥೆ ಇದು. ಮೊದಲನೆಯದು ಉಪಕಾರದಂತೆ ಕಂಡ ಅವಮಾನ. ಎರಡನೆಯದು ಕಾಠಿನ್ಯದಂತೆ ಕಂಡ ಗೌರವ. ಈ ಎರಡರ ನಡುವೆ ಸಂವಿಧಾನವಿದೆ. ಹದಿನೈದು ಮಂದಿ ಸ್ತ್ರೀಯರು ಕುಳಿತು ಚರ್ಚಿಸಿದ ಆ ಸಂವಿಧಾನಸಭೆಯಲ್ಲಿ ಕನ್ನಡ ನಾಡನ್ನು ಪ್ರತಿನಿಧಿಸಿದ ಹೆಣ್ಣೊಬ್ಬಳೂ ಇರಲಿಲ್ಲವೆಂಬುದನ್ನು ಖೇದದಿಂದ ಹೇಳಬೇಕಾಗಿದೆ. ಆದರೆ 326ನೆಯ ವಿಧಿಯು ನಿಜಾಮನ ಪ್ರಜೆಯಾಗಿದ್ದ ರಾಯಚೂರಿನ ಹೆಣ್ಣಿಗೂ ಮೈಸೂರಿನ ಹೆಣ್ಣಿಗೂ ಒಂದೇ ದಿನ ಒಂದೇ ಬೆಲೆಯ ಮತವನ್ನು ಕೊಟ್ಟಿತು. ಹರಿದ ನಾಡು 1956ರಲ್ಲಿ ಒಂದಾಗುವ ಮೊದಲೇ ಅದರ ಹೆಣ್ಣುಮಕ್ಕಳು ಮತಗಟ್ಟೆಯಲ್ಲಿ ಒಂದಾಗಿದ್ದರು.

ಮುಂದಿನದು ಈಚಿನ ಕಥೆ. 1972ರಲ್ಲಿ ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರು ರಾಜ್ಯದ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾದರು. 1983ರ ಪಂಚಾಯತಿ ಕಾನೂನು ಸ್ತ್ರೀಯರಿಗೆ ನಾಲ್ಕರಲ್ಲೊಂದು ಸ್ಥಾನವನ್ನು ಮೀಸಲಿಟ್ಟು, 1987ರ ಚುನಾವಣೆಯಲ್ಲಿ ಸಾವಿರಾರು ಹೆಂಗಸರನ್ನು ಮಂಡಲ ಪಂಚಾಯತಿಗಳಿಗೆ ಕರೆತಂದಿತು. ಇಡೀ ದೇಶಕ್ಕೆ ಈ ಕ್ರಮ ಅನ್ವಯವಾಗಲು ಇನ್ನೂ ಆರು ವರ್ಷ ಬೇಕಾಯಿತು. ಇಂದು ನಮ್ಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಅವರಿಗೆ ಮೀಸಲು. ಆದರೆ 2023ರ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಗೆ ಆರಿಸಿಬಂದ ಸ್ತ್ರೀಯರ ಸಂಖ್ಯೆ ಹತ್ತು ಮಾತ್ರ. ಮತ ಹಾಕುವ ಹೆಸರು ಪಟ್ಟಿಗೆ ಸೇರಿತು. ಮತ ಪಡೆಯುವ ಹೆಸರಿನ ಪಟ್ಟಿ ಇನ್ನೂ ಚಿಕ್ಕದಾಗಿಯೇ ಇದೆ.

ಪರದೇಶದಲ್ಲಿ ನೆಲೆಸಿಯೂ ಭಾರತದ ಪೌರತ್ವವನ್ನು ಉಳಿಸಿಕೊಂಡಿರುವ ಸೋದರಿಯರೂ ಸೋದರರೂ ತಮ್ಮ ಹುಟ್ಟೂರಿನ ಮತದಾರರ ಪಟ್ಟಿಯಲ್ಲಿ ಹೆಸರನ್ನು ಬರೆಸಬಹುದು; ಅದಕ್ಕೆ ನಮೂನೆ 6ಎ ಎಂಬ ಅರ್ಜಿಯಿದೆ. ಮತ ಹಾಕಲು ಮಾತ್ರ ಸ್ವತಃ ಊರಿಗೆ ಬಂದು ಮತಗಟ್ಟೆಯಲ್ಲಿ ನಿಲ್ಲಬೇಕು. ಹೆಸರು ಪಟ್ಟಿಯಲ್ಲಿಲ್ಲದಿರುವುದು ಹೇಗಿರುತ್ತದೆಂಬುದನ್ನು ದೂರದಲ್ಲಿರುವ ನೀವು ಇತರರಿಗಿಂತ ಚೆನ್ನಾಗಿ ಬಲ್ಲಿರಿ. ಇನ್ನೊಂದು ಕೆಲಸಕ್ಕೆ ಅರ್ಜಿಯೂ ಬೇಡ, ವಿಮಾನವೂ ಬೇಡ. ಈ ವಾರ ಊರಿಗೆ ಫೋನು ಮಾಡಿದಾಗ, ನಿಮ್ಮ ಅಜ್ಜಿಯ, ಮುತ್ತಜ್ಜಿಯ ಸ್ವಂತ ಹೆಸರೇನು, ಅವರು ಮೊದಲು ಮತ ಹಾಕಿದುದು ಯಾವ ವರ್ಷ, ಯಾವ ಶಾಲೆಯ ಕಟ್ಟಡದಲ್ಲಿ ಎಂದು ಹಿರಿಯರನ್ನು ಕೇಳಿ, ಕನ್ನಡದಲ್ಲಿ ಬರೆದಿಟ್ಟು, ಮಕ್ಕಳ ಕೈಗೆ ಕೊಡಿರಿ.