ಸಿನಾಪ್ಸ್ ಬಲವರ್ಧನೆ ಮತ್ತು ನೆನಪು: ಒಂದು ಊಹೆಯ ಪುರಾವೆಯ ಚರಿತ್ರೆ

ಕಲಿತದ್ದು ಮಿದುಳಿನಲ್ಲಿ ಯಾವ ರೂಪದಲ್ಲಿ ಉಳಿಯುತ್ತದೆ? ಸ್ಪೇನಿನ ಸಾಂಟಿಯಾಗೊ ರಾಮೊನ್ ಇ ಕಹಾಲ್ 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ನೀಡಿದ ಉಪನ್ಯಾಸದಲ್ಲಿ ಇದಕ್ಕೊಂದು ಉತ್ತರ ಸೂಚಿಸಿದರು: ನರಕೋಶಗಳ ಸಂಖ್ಯೆ ಹೆಚ್ಚದಿದ್ದರೂ ಅಭ್ಯಾಸದಿಂದ ಅವುಗಳ ನಡುವಿನ ಸಂಪರ್ಕ ಬೆಳೆಯಬಹುದು. 1949ರಲ್ಲಿ ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ ಇದಕ್ಕೆ ನಿಯಮದ ರೂಪ ಕೊಟ್ಟರು. ಒಂದು ನರಕೋಶ ಇನ್ನೊಂದನ್ನು ಪ್ರಚೋದಿಸುವುದರಲ್ಲಿ ಪದೇ ಪದೇ ಪಾಲ್ಗೊಂಡರೆ ಅವೆರಡರ ನಡುವಿನ ಸಂಪರ್ಕಸ್ಥಾನ, ಅಂದರೆ ಸಿನಾಪ್ಸ್, ಬಲಗೊಳ್ಳುತ್ತದೆ ಎಂಬುದು ಅವರ ವಾದ. ಇವೆರಡೂ ಊಹೆಗಳೇ. ಅವು ನಂಬಿಕೆಗೆ ಅರ್ಹವಾದದ್ದು ಒಂದೇ ಪ್ರಯೋಗದಿಂದಲ್ಲ. ಪುರಾವೆಯ ಬಗೆಯೇ ಹಂತಹಂತವಾಗಿ ಬದಲಾದುದರಿಂದ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಎಲ್ಲಿ ಹುಡುಕಬೇಕೆಂಬ ಸುಳಿವು ಸಿಕ್ಕಿದ್ದು ಶಸ್ತ್ರಚಿಕಿತ್ಸೆಯೊಂದರಿಂದ. 1953ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ಹೆನ್ರಿ ಮೊಲೈಸನ್ ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆಯಲಾಯಿತು. ಆಮೇಲೆ ಹೊಸ ಘಟನೆಗಳು ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಮತ್ತು ವಿಲಿಯಂ ಸ್ಕೋವಿಲ್ 1957ರಲ್ಲಿ ಇದನ್ನು ವರದಿ ಮಾಡಿದಂದಿನಿಂದ ಹಿಪೊಕ್ಯಾಂಪಸ್ ನೆನಪಿನ ಸಂಶೋಧನೆಯ ಕೇಂದ್ರವಾಯಿತು.

ನಾರ್ವೆಯ ಓಸ್ಲೋದಲ್ಲಿ ಪೆರ್ ಆಂಡರ್ಸನ್ ಅವರ ಪ್ರಯೋಗಾಲಯದಲ್ಲಿದ್ದ ತೆರಿಯೆ ಲೊಮೊ 1966ರಲ್ಲಿ ಹಿಪೊಕ್ಯಾಂಪಸ್‌ನ ಸಿನಾಪ್ಸ್‌ಗಳ ಒಂದು ವಿಚಿತ್ರ ವರ್ತನೆಯನ್ನು ಗಮನಿಸಿದರು. ಮುಂದೆ ಬ್ರಿಟನ್ನಿನ ಟಿಮ್ ಬ್ಲಿಸ್ ಅವರ ಜತೆಗೂಡಿದರು. ಅರಿವಳಿಕೆ ಕೊಟ್ಟ ಮೊಲಗಳ ನರಮಾರ್ಗಕ್ಕೆ ಕೆಲವೇ ಸೆಕೆಂಡು ವೇಗದ ವಿದ್ಯುತ್ ಸ್ಪಂದನ ಕೊಟ್ಟರೆ, ಬಳಿಕ ಒಂಟಿ ಸ್ಪಂದನಕ್ಕೂ ನರಕೋಶಗಳು ಮೊದಲಿಗಿಂತ ಜೋರಾಗಿ ಪ್ರತಿಕ್ರಿಯಿಸುತ್ತಿದ್ದವು. 18 ಮೊಲಗಳ ಪೈಕಿ 15ರಲ್ಲಿ ಕಂಡ ಈ ಪರಿಣಾಮ 30 ನಿಮಿಷದಿಂದ 10 ಗಂಟೆವರೆಗೆ ಉಳಿಯಿತೆಂದು ಅವರ 1973ರ ಲೇಖನ ಹೇಳುತ್ತದೆ. ದೀರ್ಘಕಾಲಿಕ ಬಲವರ್ಧನೆ, ಅಂದರೆ ಎಲ್‌ಟಿಪಿ, ಎಂದು ಇಂದು ಕರೆಯುವುದು ಇದನ್ನೇ. ಆದರೆ ಆ ಮೊಲಗಳು ಏನನ್ನೂ ಕಲಿತಿರಲಿಲ್ಲ. ಸಿನಾಪ್ಸ್ ಬಲಗೊಳ್ಳಬಲ್ಲದು ಎಂಬುದಷ್ಟೇ ಸಾಬೀತಾಗಿತ್ತು.

ಮುಂದಿನ ದಶಕ ಅದರ ಕಾರ್ಯವಿಧಾನವನ್ನು ಬಿಡಿಸಿತು. ಸಂಕೇತ ಪಡೆಯುವ ನರಕೋಶದಲ್ಲಿರುವ ಎನ್‌ಎಂಡಿಎ ಗ್ರಾಹಕವನ್ನು ತಡೆದರೆ ಎಲ್‌ಟಿಪಿ ಉಂಟಾಗದೆಂದು ಗ್ರಹಾಂ ಕಾಲಿಂಗ್ರಿಡ್ಜ್ ಮತ್ತು ಸಂಗಡಿಗರು 1983ರಲ್ಲಿ ತೋರಿಸಿದರು. ಈ ಗ್ರಾಹಕ ಎರಡು ಕೀಲಿ ಸೇರಿದರಷ್ಟೇ ತೆರೆಯುವ ಬ್ಯಾಂಕ್ ಲಾಕರಿನಂಥದ್ದು. ಸಂಕೇತ ಕಳಿಸುವ ಕೋಶದಿಂದ ಗ್ಲುಟಮೇಟ್ ಎಂಬ ಸಂಕೇತವಾಹಕ ರಾಸಾಯನಿಕ ಬರಬೇಕು. ಅದೇ ಹೊತ್ತಿಗೆ ಪಡೆಯುವ ಕೋಶವೂ ಉದ್ರಿಕ್ತವಾಗಿದ್ದು, ದಾರಿಗೆ ಅಡ್ಡನಿಂತ ಮೆಗ್ನೀಷಿಯಂ ಅಯಾನು ಸರಿಯಬೇಕು. ಆಗ ಒಳನುಗ್ಗುವ ಕ್ಯಾಲ್ಸಿಯಂ ಕಿಣ್ವಗಳನ್ನು ಚುರುಕುಗೊಳಿಸುತ್ತದೆ, ಸಿನಾಪ್ಸ್‌ನಲ್ಲಿ ಗ್ಲುಟಮೇಟ್‌ಗೆ ಸ್ಪಂದಿಸುವ ಆಂಪಾ ಗ್ರಾಹಕಗಳು ಹೆಚ್ಚುತ್ತವೆ. ಹೆಬ್ ಕಲ್ಪಿಸಿದ್ದ ಏಕಕಾಲಿಕತೆಗೆ ಹೀಗೆ ಅಣುಮಟ್ಟದ ಆಧಾರ ದೊರೆಯಿತು.

ಆದರೆ ಎಲ್‌ಟಿಪಿ ಕಲಿಕೆಗೆ ಅಗತ್ಯವೇ? ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಮಾರಿಸ್, ಮಬ್ಬುನೀರಿನ ಕೊಳದಲ್ಲಿ ಅಡಗಿಸಿಟ್ಟ ಹಲಗೆಯನ್ನು ಇಲಿಗಳು ಹುಡುಕಿ ನೆನಪಿಡುವ ಪರೀಕ್ಷೆಯನ್ನು ರೂಪಿಸಿದ್ದರು. ಎನ್‌ಎಂಡಿಎ ತಡೆಯುವ ಔಷಧ ಪಡೆದ ಇಲಿಗಳು ಹಲಗೆಯ ಜಾಗ ಕಲಿಯಲು ಸೋತವೆಂದು ಅವರ ತಂಡ 1986ರಲ್ಲಿ ಪ್ರಕಟಿಸಿತು. ಆದರೆ 1995ರಲ್ಲಿ ಮಾರಿಸ್ ಸಹಲೇಖಕರಾಗಿದ್ದ ಅಧ್ಯಯನವೇ ಈ ತೀರ್ಮಾನವನ್ನು ಸಡಿಲಿಸಿತು: ಬೇರೊಂದು ಕೊಳದಲ್ಲಿ ಮೊದಲೇ ತರಬೇತಿ ಪಡೆದ ಇಲಿಗಳು ಅದೇ ಔಷಧದ ನಡುವೆಯೂ ಹೊಸ ಜಾಗವನ್ನು ಕಲಿತವು.

ಸಂಶೋಧಕರು ಆಗ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದರು. ಒಂದೇ ಬಾರಿಯ ಕಹಿ ಅನುಭವದಿಂದ ಇಲಿ ಒಂದು ಜಾಗವನ್ನು ತಪ್ಪಿಸಲು ಕಲಿತಾಗ ಹಿಪೊಕ್ಯಾಂಪಸ್‌ನ ಕೆಲವು ಸಿನಾಪ್ಸ್‌ಗಳು ತಾವಾಗಿಯೇ ಬಲಗೊಂಡದ್ದನ್ನು ಮಾರ್ಕ್ ಬೇರ್ ತಂಡ 2006ರಲ್ಲಿ ದಾಖಲಿಸಿತು. 2014ರಲ್ಲಿ ರಾಬರ್ಟೊ ಮಲಿನೊ ತಂಡ ಇನ್ನೂ ಮುಂದೆ ಹೋಯಿತು. ಭಯಕ್ಕೆ ಸಂಬಂಧಿಸಿದ ಮಿದುಳಿನ ಭಾಗವಾದ ಅಮಿಗ್ಡಾಲಕ್ಕೆ ಬರುವ ನರಗಳನ್ನು ಬೆಳಕಿನಿಂದ ಪ್ರಚೋದಿಸಿ ಇಲಿಯಲ್ಲಿ ಭಯದ ನೆನಪನ್ನು ಮೂಡಿಸಿತು. ಸಿನಾಪ್ಸ್ ದುರ್ಬಲಗೊಳಿಸಿ ಅದನ್ನು ಅಡಗಿಸಿತು. ಮತ್ತೆ ಬಲಪಡಿಸಿ ಮರಳಿ ತಂದಿತು.

ಸಾಧ್ಯತೆ, ಅಗತ್ಯ, ಸಹಜ ಸಂಭವ, ನೇರ ನಿಯಂತ್ರಣ ಎಂಬ ಈ ನಾಲ್ಕು ಬಗೆಯ ಪುರಾವೆಗಳ ತೂಕ ಒಂದೇ ಅಲ್ಲ. ಅಗತ್ಯದ ಕುರಿತ ಫಲಿತಾಂಶ 1995ರಲ್ಲೇ ಸಡಿಲವಾಯಿತು. ನಿಯಂತ್ರಣದ ಪುರಾವೆ ಗಟ್ಟಿಯಾದದ್ದು, ಆದರೆ ಅದು ಸಿಕ್ಕಿದ್ದು ಇಲಿಯ ಸರಳ ಭಯದಲ್ಲಿ. ಮೊಲೈಸನ್ ಕಳೆದುಕೊಂಡಂಥ ಘಟನೆಗಳ ನೆನಪು ಹಿಪೊಕ್ಯಾಂಪಸ್‌ನ ಅಸಂಖ್ಯ ಸಿನಾಪ್ಸ್‌ಗಳಲ್ಲಿ ಹರಡಿಕೊಳ್ಳುವಂಥದು. ಆದ್ದರಿಂದ ಸಿನಾಪ್ಸ್ ಬಲವರ್ಧನೆಯನ್ನು ನೆನಪಿನ ಒಂದು ಆಧಾರವೆಂದು ಒಪ್ಪಬಹುದು. ಎಲ್ಲ ಬಗೆಯ ನೆನಪಿಗೂ ಅದೇ ಪೂರ್ಣ ವಿವರಣೆ ಎನ್ನಲು ಈ ಚರಿತ್ರೆಯ ಪುರಾವೆಗಳು ಸಾಲವು.