ಎಂಟನೆಯ ಇಯತ್ತೆ: ಬೆಳಗಾವಿಯ ಗಡಿ ತಾಲೂಕುಗಳಲ್ಲಿ ವಿಷಯ ಆಯ್ಕೆಯ ಇತಿಹಾಸ

ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಶಾಲೆಯ ತರಗತಿಯನ್ನು ಜನರು ಇಂದಿಗೂ ‘ಇಯತ್ತೆ’ ಎನ್ನುತ್ತಾರೆ. ಆಡುಮಾತಿನಲ್ಲಿ ಅದು ಸವೆದು ‘ಎಂಟನೆತ್ತೆ’, ‘ಹತ್ತನೆತ್ತೆ’ ಎಂದಾಗುತ್ತದೆ. ಮರಾಠಿಯ ‘ಇಯತ್ತಾ’ ಎಂಬ ಪದ ಮುಂಬಯಿ ಆಡಳಿತದ ಕಾಲದಲ್ಲಿ ಕನ್ನಡ ಶಾಲೆಯೊಳಗೂ ನೆಲೆಯೂರಿದ್ದರ ಗುರುತು ಇದು. ಹೈಸ್ಕೂಲಿನ ಮೊದಲ ವರ್ಷದಲ್ಲಿ ಮಗು ಏನನ್ನು ಓದಬೇಕು ಎಂಬ ಪ್ರಶ್ನೆ ಬೇರೆ ಸೀಮೆಗಳಲ್ಲಿ ಗಣಿತವೋ ಚರಿತ್ರೆಯೋ ವಾಣಿಜ್ಯವೋ ಎಂಬ ರೂಪದಲ್ಲಿ ಎದ್ದಿರಬಹುದು. ಈ ಐದು ತಾಲೂಕುಗಳಲ್ಲಿ ಮಾತ್ರ ಅದು ಒಂದೂವರೆ ಶತಮಾನದಿಂದ ಬಹುಮಟ್ಟಿಗೆ ಭಾಷೆಯ ಪ್ರಶ್ನೆಯಾಗಿಯೇ ಉಳಿದಿದೆ. ಯಾವ ಭಾಷೆಯನ್ನು ಹಿಡಿದರೆ ಹುಡುಗ ಯಾವ ಊರಿನ ಕಡೆಗೆ ಹೊರಡುತ್ತಾನೆ, ಧಾರವಾಡಕ್ಕೋ ಕೊಲ್ಲಾಪುರಕ್ಕೋ, ಎಂಬುದೇ ಆ ಪ್ರಶ್ನೆಯ ತಿರುಳು.

ಸರಕಾರಿ ಶಾಲೆಗಳು ಹರಡುವುದಕ್ಕೆ ಮೊದಲು ಇಲ್ಲಿದ್ದವು ‘ಗಾವಠಿ’ ಶಾಲೆಗಳು, ಅಂದರೆ ಊರವರೇ ಕಾಳುಕಡಿ ಕೊಟ್ಟು ನಡೆಸುತ್ತಿದ್ದ ಏಕೋಪಾಧ್ಯಾಯ ಶಾಲೆಗಳು. ಅಲ್ಲಿ ಆಯ್ಕೆಯ ಮಾತೇ ಇರಲಿಲ್ಲ. ಮಗ್ಗಿ, ಲೆಕ್ಕ, ಪತ್ರ ಬರೆಯುವ ಕ್ರಮ ಇವಿಷ್ಟೇ ಪಾಠ. ಆದರೆ ಬರೆಯುವುದು ಯಾವ ಲಿಪಿಯಲ್ಲಿ ಎಂಬುದು ಮುಖ್ಯವಾಗಿತ್ತು. ದೇವನಾಗರಿಗೆ ಇಲ್ಲಿ ‘ಬಾಲಬೋಧ’ ಎಂಬ ಹೆಸರು. ಕೈಯೆತ್ತದೆ ವೇಗವಾಗಿ ಬರೆಯಲು ಬಳಕೆಯಾಗುತ್ತಿದ್ದ, ಅಕ್ಷರಗಳನ್ನು ಒಂದಕ್ಕೊಂದು ತಿರುವಿ ಜೋಡಿಸುವ ಲಿಪಿಗೆ ‘ಮೋಡಿ’ ಎಂಬ ಹೆಸರು. ಕುಲಕರ್ಣಿಯ ದಫ್ತರ, ಸಾವಕಾರನ ಖಾತೆ, ಕಚೇರಿಯ ಅರ್ಜಿ ಎಲ್ಲವೂ ಮೋಡಿಯಲ್ಲಿ ಸಾಗುತ್ತಿದ್ದುದರಿಂದ ಮನೆಯಲ್ಲಿ ಕನ್ನಡ ಆಡುವ ಲಿಂಗಾಯತ, ಜೈನ ಒಕ್ಕಲು ಮನೆತನಗಳ ಹುಡುಗರೂ ಮರಾಠಿಯಲ್ಲೇ ಅಕ್ಷರ ಕಲಿಯುವುದು ಸಾಮಾನ್ಯವಾಗಿತ್ತು. ಬ್ರಿಟಿಷರು ಈ ಸೀಮೆಗೆ ಇಟ್ಟ ಹೆಸರೇ ‘ದಕ್ಷಿಣ ಮರಾಠಾ ದೇಶ’ ಎಂದಿರುವಾಗ ಶಾಲೆಯ ಭಾಷೆ ಮರಾಠಿಯಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಡೆಪ್ಯುಟಿ ಚನ್ನಬಸಪ್ಪನವರಂಥ ಶಿಕ್ಷಣ ಖಾತೆಯ ಅಧಿಕಾರಿಗಳು ಕನ್ನಡ ಶಾಲೆಗಳನ್ನು ತೆರೆಸಿ, ಅವುಗಳಿಗೆ ಮಾಸ್ತರರನ್ನು ತಯಾರು ಮಾಡಿದ ಮೇಲೆ, ಮುಂದೆ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಮೇಲೆ, ಈ ಭಾಗದ ತಂದೆತಾಯಿಗಳಿಗೆ ಎರಡು ಬಗೆಯ ಶಾಲೆಗಳಲ್ಲಿ ಒಂದನ್ನು ಆರಿಸುವ ಸಾಧ್ಯತೆ ಮೆಲ್ಲಮೆಲ್ಲಗೆ ಒದಗಿತು.

ಮುಂಬಯಿ ಇಲಾಖೆಯ ತರಗತಿಗಳ ಎಣಿಕೆ ಇಂದಿನದಕ್ಕಿಂತ ಬೇರೆಯಾಗಿತ್ತು. ಕನ್ನಡ ಅಥವಾ ಮರಾಠಿ ನಾಲ್ಕನೆಯ ಇಯತ್ತೆ ಮುಗಿದ ಕೂಡಲೇ ದಾರಿ ಎರಡಾಗಿ ಒಡೆಯುತ್ತಿತ್ತು. ಒಂದು ದಾರಿ ಅದೇ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಸಾಗಿ, ‘ಮುಲ್ಕಿ’ ಎಂದು ಹೆಸರಾದ ದೇಶಭಾಷೆಯ ಅಂತಿಮ ಪರೀಕ್ಷೆಯಲ್ಲಿ ಕೊನೆಗೊಳ್ಳುತ್ತಿತ್ತು; ಮುಲ್ಕಿ ಪಾಸಾದವನು ಪ್ರಾಥಮಿಕ ಶಾಲೆಯ ಮಾಸ್ತರನೋ ಊರ ತಲಾಠಿಯೋ ಆಗಬಹುದಿತ್ತು. ಇನ್ನೊಂದು ದಾರಿ ಇಂಗ್ಲಿಷಿನೊಂದಿಗೆ ದೇಶಭಾಷೆಯನ್ನೂ ಕಲಿಸುವ ಆಂಗ್ಲೋ-ವರ್ನಾಕ್ಯುಲರ್ ಶಾಲೆಯದು, ಬಾಯಿಮಾತಿನ ‘ಎ.ವಿ. ಸ್ಕೂಲ್’, ಅಲ್ಲಿ ಎಣಿಕೆ ಮತ್ತೆ ಇಂಗ್ಲಿಷ್ ಒಂದನೆಯ ಇಯತ್ತೆಯಿಂದ ಸುರುವಾಗಿ, ಮೂರು ವರ್ಷಗಳ ನಂತರ ಇಂಗ್ಲಿಷ್ ನಾಲ್ಕನೆಯ ಇಯತ್ತೆ, ಅಂದರೆ ಇಂದಿನ ಎಂಟನೆಯ ತರಗತಿ, ಹೈಸ್ಕೂಲಿನ ಮೊದಲ ಮೆಟ್ಟಿಲಾಗುತ್ತಿತ್ತು. ಏಳನೆಯ ಇಂಗ್ಲಿಷ್ ಇಯತ್ತೆಯ ಕೊನೆಗೆ, 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆ ಕಾದಿರುತ್ತಿತ್ತು. ಮುಲ್ಕಿ ಮತ್ತು ಮ್ಯಾಟ್ರಿಕ್ ಎಂಬ ಈ ಎರಡು ಮಾತುಗಳು ಆ ಕಾಲದ ಒಕ್ಕಲು ಮನೆಗಳಲ್ಲಿ ಎರಡು ಬಗೆಯ ಬದುಕಿನ ಹೆಸರುಗಳಾಗಿದ್ದವು. ಮುಲ್ಕಿಯವನು ಊರಲ್ಲೇ ಉಳಿಯುತ್ತಾನೆ, ಮ್ಯಾಟ್ರಿಕಿನವನು ಊರು ಬಿಡುತ್ತಾನೆ. ಶೇಡಬಾಳದ ಮಿರ್ಜಿ ಅಣ್ಣಾರಾಯರು ‘ರಾಮಣ್ಣ ಮಾಸ್ತರು’ ಎಂಬ ಹೆಸರಿನಲ್ಲಿ ಒಂದು ಕಾದಂಬರಿಯನ್ನೇ ಬರೆದರೆಂಬುದರಿಂದ ಈ ಸೀಮೆಯ ಬಾಳಿನಲ್ಲಿ ಹಳ್ಳಿಯ ಮಾಸ್ತರನಿಗಿದ್ದ ಸ್ಥಾನವನ್ನು ಊಹಿಸಬಹುದು.

ಹೈಸ್ಕೂಲಿನ ಹೊಸ್ತಿಲಲ್ಲಿ ವಿದ್ಯಾರ್ಥಿ ನಿಜವಾಗಿ ಆರಿಸಬೇಕಾಗಿದ್ದದ್ದು ‘ಎರಡನೆಯ ಭಾಷೆ’ಯನ್ನು. ಇಂಗ್ಲಿಷ್, ಗಣಿತ, ಇತಿಹಾಸ, ಭೂಗೋಲಗಳು ಎಲ್ಲರಿಗೂ ಕಡ್ಡಾಯ. ಸಂಸ್ಕೃತವೋ ಫಾರಸಿಯೋ ಎಂಬುದು ಆಯ್ಕೆ. ಕಾಗದದ ಮೇಲೆ ಆಯ್ಕೆಯೆನಿಸಿದ ಇದು ಬಹುಪಾಲು ಹುಟ್ಟಿನಿಂದಲೇ ಗೊತ್ತಾಗಿಬಿಡುತ್ತಿತ್ತು: ಬ್ರಾಹ್ಮಣರ ಮನೆಯ ಹುಡುಗ ಸಂಸ್ಕೃತದ ಕೋಣೆಗೆ, ಮುಸಲ್ಮಾನರ ಮನೆಯ ಹುಡುಗ ಫಾರಸಿಯ ಕೋಣೆಗೆ. ಇವೆರಡರ ನಡುವಿನವರ ಪಾಡು, ಅದಕ್ಕಿಂತ ಹೆಚ್ಚಾಗಿ ಹೊರಗೆ ನಿಲ್ಲಿಸಲಾದವರ ಪಾಡು, ಬೇರೆಯೇ. ಮುಂಬಯಿಯಲ್ಲಿ ಓದಿ 1907ರಲ್ಲಿ ಮ್ಯಾಟ್ರಿಕ್ ಮುಗಿಸಿದ ಡಾ. ಬಿ. ಆರ್. ಅಂಬೇಡ್ಕರರು ಬಯಸಿದ್ದು ಸಂಸ್ಕೃತವನ್ನು, ಅಸ್ಪೃಶ್ಯರೆಂಬ ಕಾರಣಕ್ಕೆ ಅದು ದಕ್ಕದೆ ಓದಬೇಕಾಗಿ ಬಂದದ್ದು ಫಾರಸಿಯನ್ನು. ಅದೇ ಅಂಬೇಡ್ಕರರು 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷರಾಗಿ ನಿಪ್ಪಾಣಿಗೆ ಬಂದರು. ವಿಷಯಗಳ ಪಟ್ಟಿಯಲ್ಲಿ ಒಂದು ಹೆಸರು ಅಚ್ಚಾಗಿರುವುದಕ್ಕೂ ಅದು ಒಬ್ಬ ಹುಡುಗನಿಗೆ ಸಿಗುವುದಕ್ಕೂ ಇರುವ ಅಂತರಕ್ಕೆ ಅವರ ಶಾಲಾದಿನಗಳಿಗಿಂತ ಕಟುವಾದ ಸಾಕ್ಷಿ ಸಿಗಲಾರದು.

ಇನ್ನೊಂದು ತುದಿಯಲ್ಲಿ, ಎರಡನೆಯ ಭಾಷೆಯ ಆಯ್ಕೆ ಒಂದು ಇಡೀ ವಿದ್ವತ್ತಿನ ಬಾಗಿಲನ್ನು ತೆರೆದ ಉದಾಹರಣೆಯೂ ಈ ಸೀಮೆಯದೇ. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರು ಬೆಳಗಾವಿಯಲ್ಲಿ ಹೈಸ್ಕೂಲು ಮುಗಿಸಿ, ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಸಂಸ್ಕೃತದ ಜೊತೆಗೆ ಅರ್ಧಮಾಗಧಿಯನ್ನು ಓದಿದರು. ಅರ್ಧಮಾಗಧಿಯೆಂದರೆ ಜೈನ ಆಗಮಗಳ ಪ್ರಾಕೃತ. ಮುಂಬಯಿ ವಿಶ್ವವಿದ್ಯಾಲಯ ಅದನ್ನು ಅಭ್ಯಾಸದ ಭಾಷೆಯಾಗಿ ಒಪ್ಪಿಕೊಂಡಿದ್ದರಿಂದ ಕೃಷ್ಣಾ, ದೂಧಗಂಗಾ ತೀರದ ಜೈನ ಒಕ್ಕಲಿಗರ ಮಕ್ಕಳಿಗೆ ಸಂಸ್ಕೃತವಲ್ಲದ, ಫಾರಸಿಯೂ ಅಲ್ಲದ, ತಮ್ಮದೆನ್ನಬಹುದಾದ ಮೂರನೆಯ ದಾರಿ ಸಿಕ್ಕಿತು. ಉಪಾಧ್ಯೆಯವರು 1930ರಿಂದ ಮೂರು ದಶಕಗಳ ಕಾಲ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅದೇ ಭಾಷೆಯನ್ನು ಕಲಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮನೆಯ ಮಾತು ಕನ್ನಡ, ಊರ ವ್ಯವಹಾರ ಮರಾಠಿ, ಪಾಂಡಿತ್ಯ ಪ್ರಾಕೃತದಲ್ಲಿ, ಬರವಣಿಗೆ ಹೆಚ್ಚಾಗಿ ಇಂಗ್ಲಿಷಿನಲ್ಲಿ: ಸದಲಗಾದಂಥ ಊರಿನಲ್ಲಿ ಇದನ್ನು ಯಾರೂ ವಿಚಿತ್ರವೆಂದು ತಿಳಿಯುವುದಿಲ್ಲ.

ಆಯ್ಕೆಯನ್ನು ನಿರ್ಧರಿಸಿದ ಮತ್ತೊಂದು ಸಂಗತಿ ಅಂತರ. ಕಾಗವಾಡಕ್ಕೆ ಮಿರಜ ಕೂಗಳತೆಯಲ್ಲಿದೆ, ಜಿಲ್ಲಾ ಕೇಂದ್ರವಾದ ಬೆಳಗಾವಿ ನೂರು ಕಿಲೋಮೀಟರಿಗೂ ದೂರ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗೆ ಕೊಲ್ಲಾಪುರವೇ ಹತ್ತಿರದ ಪೇಟೆ. ರಾಯಬಾಗವಂತೂ ಕೊಲ್ಲಾಪುರ ಸಂಸ್ಥಾನದ ಭಾಗವೇ ಆಗಿತ್ತು. ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದ್ದು, ಕೊಲ್ಲಾಪುರದಲ್ಲಿ ಮರಾಠಾ, ಜೈನ, ಲಿಂಗಾಯತ ಹುಡುಗರಿಗೆ ಬೇರೆಬೇರೆ ಬೋರ್ಡಿಂಗುಗಳು ಏಳುವಂತೆ ಮಾಡಿದ್ದು ಹಳ್ಳಿಯ ಹುಡುಗ ಹೈಸ್ಕೂಲಿನ ಕನಸು ಕಾಣುವುದಕ್ಕೆ ಕಾರಣವಾಯಿತು, ಆದರೆ ಆ ಕನಸು ಮರಾಠಿಯಲ್ಲಿತ್ತು. ಇದಕ್ಕೆ ಎದುರಾಗಿ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಒಂದು ಎ.ವಿ. ಶಾಲೆಯೊಂದಿಗೆ ಸುರುಮಾಡಿದ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿ, ಜನರ ಬಾಯಲ್ಲಿ ‘ಕೆ.ಎಲ್.ಇ.’, ಕನ್ನಡದ ಹುಡುಗರು ದಕ್ಷಿಣಕ್ಕೂ ಮುಖ ಮಾಡಬಹುದು ಎಂಬ ಭರವಸೆ ಕೊಟ್ಟಿತು.

ಸ್ವಾತಂತ್ರ್ಯ ಬಂದ ಮೇಲೆ ಎಂಟನೆಯ ಇಯತ್ತೆಯ ಸ್ವರೂಪ ಥಟ್ಟನೆ ಬದಲಾಯಿತು. ಬಾಳಾಸಾಹೇಬ ಖೇರರ ಮುಂಬಯಿ ಸರಕಾರ ಕೆಳಗಿನ ಇಯತ್ತೆಗಳಿಂದ ಇಂಗ್ಲಿಷನ್ನು ತೆಗೆದು, ಅದರ ಆರಂಭವನ್ನು ಎಂಟನೆಯದಕ್ಕೆ ತಂದಿತು. ಹೀಗಾಗಿ ಆ ತಲೆಮಾರಿನ ಮಕ್ಕಳು ಹೈಸ್ಕೂಲಿಗೆ ಬಂದ ದಿನವೇ ಇಂಗ್ಲಿಷಿನ ಮೊದಲ ಅಕ್ಷರ ತಿದ್ದಿದರು. 1949ರಿಂದ ಮ್ಯಾಟ್ರಿಕಿನ ಜಾಗಕ್ಕೆ ಎಸ್.ಎಸ್.ಸಿ. ಪರೀಕ್ಷೆ ಬಂತು, ಆದರೂ ಹಿರಿಯರು ಅದನ್ನು ಮ್ಯಾಟ್ರಿಕ್ ಎಂದೇ ಕರೆದರು. 1952–53ರ ಮುದಲಿಯಾರ್ ಆಯೋಗ ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಗುಂಪುಗಳಲ್ಲಿ ಒಂದನ್ನು ವಿದ್ಯಾರ್ಥಿ ಮಾಧ್ಯಮಿಕ ಹಂತದಲ್ಲೇ ಆರಿಸಿಕೊಳ್ಳಲಿ ಎಂದಿತು. ಯೋಜನೆ ಚೆಂದವಾಗಿತ್ತು, ಆದರೆ ಏಳು ಗುಂಪುಗಳಿಗೆ ಬೇಕಾದ ಮಾಸ್ತರರು, ಕೋಣೆಗಳು, ಪ್ರಯೋಗಶಾಲೆಗಳು ಒಂದು ತಾಲೂಕಿನ ಹೈಸ್ಕೂಲಿಗೆ ಎಟುಕುವ ಮಾತಾಗಿರಲಿಲ್ಲ. 1964–66ರ ಕೊಠಾರಿ ಆಯೋಗ ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ಸಮಾನ ಅಭ್ಯಾಸ ಸಾಕೆಂದು ಹೇಳಿದ ಮೇಲೆ ವಿಜ್ಞಾನ, ಕಲೆ, ವಾಣಿಜ್ಯಗಳ ಆಯ್ಕೆ ಪಿ.ಯು.ಸಿ.ಗೆ ಸರಿಯಿತು, ಎಂಟನೆಯದರಲ್ಲಿ ಮತ್ತೆ ಭಾಷೆಯೊಂದೇ ಉಳಿಯಿತು.

ಈ ನಡುವೆ 1956ರ ನವೆಂಬರ್ 1ರಂದು ಚಂದಗಡ ತಾಲೂಕೊಂದನ್ನು ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯ ಸೇರಿತ್ತು. ಮುಂಬಯಿಯ ಹನ್ನೊಂದನೆಯ ಇಯತ್ತೆ ಕ್ರಮೇಣ ಮರೆಯಾಗಿ ಹತ್ತನೆಯದರ ಕೊನೆಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ ನಿಂತಿತು. ಗಡಿ ವಿವಾದಕ್ಕಾಗಿ ನೇಮಕವಾದ ಮಹಾಜನ ಆಯೋಗ 1967ರ ವರದಿಯಲ್ಲಿ ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ ಎಂದರೂ ಆ ವರದಿ ಜಾರಿಯಾಗದ್ದರಿಂದ ಊರು ಕರ್ನಾಟಕದಲ್ಲೇ ಉಳಿಯಿತು. ಊರಿಗೆ ತಾಗಿಕೊಂಡೇ, ಗಡಿರೇಖೆಯ ಆಚೆ, ಕಾಗಲ ತಾಲೂಕಿನ ಅರ್ಜುನನಗರದಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ ದೇವಚಂದ ಕಾಲೇಜು ಇದೆ. ಎಂಟನೆಯದರಲ್ಲಿ ಮರಾಠಿ ಮಾಧ್ಯಮ ಹಿಡಿದ ನಿಪ್ಪಾಣಿಯ ಮಗು ಹತ್ತನೆಯದಾದ ಮೇಲೆ ರಾಜ್ಯ ಬದಲಿಸಿದರೂ ಮನೆ ಬದಲಿಸಬೇಕಾಗಿಲ್ಲ.

1980ರಲ್ಲಿ ನೇಮಕವಾದ ವಿ. ಕೃ. ಗೋಕಾಕರ ಸಮಿತಿ, ಪ್ರೌಢಶಾಲೆಯಲ್ಲಿ ಕನ್ನಡವೊಂದೇ 150 ಅಂಕಗಳ ಪ್ರಥಮ ಭಾಷೆಯಾಗಲಿ ಎಂದು ಶಿಫಾರಸು ಮಾಡಿದಾಗ, ಬೆಂಗಳೂರಿನಲ್ಲಿ ಚರ್ಚೆ ನಡೆದದ್ದು ಕನ್ನಡವೋ ಸಂಸ್ಕೃತವೋ ಎಂದು. ಗಡಿ ತಾಲೂಕುಗಳಲ್ಲಿ ಅದು ಕನ್ನಡವೋ ಮರಾಠಿಯೋ ಎಂದಾಗಿ, ಹೆಚ್ಚು ನೋವಿನದಾಯಿತು. ಆ ಶಿಫಾರಸು ಜಾರಿಯಾಗಲೆಂದು ನಡೆದ 1982ರ ಚಳವಳಿ, ಆ ವರ್ಷದ ಸರಕಾರಿ ಆದೇಶ, 1989ರ ಹೈಕೋರ್ಟ್ ತೀರ್ಪು ಮತ್ತು ಪರಿಷ್ಕೃತ ಆದೇಶ, 1993ರಲ್ಲಿ ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು, ಇವೆಲ್ಲ ದಾಟಿ ಬಂದ ಪಟ್ಟಿಯಲ್ಲಿ ಮರಾಠಿ ಪ್ರಥಮ ಭಾಷೆಯಾಗಿ ಉಳಿದುಕೊಂಡಿತು. ಕನ್ನಡದ ಹಕ್ಕೊತ್ತಾಯ ನ್ಯಾಯವಾದದ್ದೇ. ಆದರೆ ಗಡಿಯ ಮಗುವಿಗೆ ಕನ್ನಡ ಒಲಿಯುವುದು ಆದೇಶಕ್ಕಿಂತ ಒಳ್ಳೆಯ ಕನ್ನಡ ಮಾಸ್ತರನಿಂದ ಎಂಬುದನ್ನು ಆ ಚಳವಳಿ ಸಾಕಷ್ಟು ಗಮನಿಸಲಿಲ್ಲ.

ಇಂದು ಈ ಐದೂ ತಾಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿವೆ. ಎಸ್.ಎಸ್.ಎಲ್.ಸಿ.ಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಗೆ ಬದಲಿ ಇಲ್ಲ. ಪ್ರವೇಶದ ಅರ್ಜಿಯಲ್ಲಿ ಪಾಲಕರು ತುಂಬಬೇಕಾದ್ದು ಭಾಷೆಗಳ ಮೂರು ಮನೆಗಳನ್ನು. ಕನ್ನಡ ಮಾಧ್ಯಮದವರಲ್ಲಿ ಅವು ಸಾಮಾನ್ಯವಾಗಿ ಕನ್ನಡ, ಇಂಗ್ಲಿಷ್, ಹಿಂದಿ ಎಂದು ತುಂಬುತ್ತವೆ. ಮರಾಠಿ ಮಾಧ್ಯಮದವರಲ್ಲಿ ಮರಾಠಿ, ಇಂಗ್ಲಿಷ್, ಕನ್ನಡ ಎಂದು. ಕೆಲವು ಶಾಲೆಗಳಲ್ಲಿ ಒಂಬತ್ತನೆಯದರಿಂದ ತೃತೀಯ ಭಾಷೆಯ ಬದಲು ಮಾಹಿತಿ ತಂತ್ರಜ್ಞಾನ, ವಾಹನ ದುರಸ್ತಿಯಂಥ ಕಸುಬಿನ ವಿಷಯ ತೆಗೆದುಕೊಳ್ಳುವ ಅವಕಾಶವೂ ಬಂದಿದೆ. ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡಿದ 2015ರ ಕಾಯಿದೆ 2017–18ರಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ಜಾರಿಗೆ ಬಂತು. ಆ ವರ್ಷ ಒಂದನೆತ್ತೆಗೆ ಸೇರಿದ ಮಕ್ಕಳು 2024ರ ಬೇಸಿಗೆ ರಜೆ ಮುಗಿಸಿ ಎಂಟನೆತ್ತೆಗೆ ಬಂದರು.