ಬೊಗೊಟಾ: ಕಾಲ್ನಡಿಗೆ ಮತ್ತು ಸೈಕಲ್ ಸಂಚಾರ

ಕೊಲಂಬಿಯಾದ ರಾಜಧಾನಿ ಬೊಗೊಟಾ, ಆಂಡೀಸ್ ಪರ್ವತಶ್ರೇಣಿಯ ನಡುವೆ ಸುಮಾರು 2,600 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿದೆ. ಹೊಸಬರಿಗೆ ಮೊದಲ ದಿನ ಸಣ್ಣ ಏರಿನಲ್ಲೂ ಏದುಸಿರು ಬರುವುದುಂಟು. ಆದರೆ ಪೂರ್ವದ ಬೆಟ್ಟಸಾಲನ್ನು ಬಿಟ್ಟರೆ ನಗರದ ಬಹುಭಾಗ ಸಮತಟ್ಟು; ಸೈಕಲ್ ಇಲ್ಲಿ ಬೇರೂರಲು ಅದೂ ಒಂದು ಕಾರಣ.

ಈ ಊರಿನ ದೊಡ್ಡ ಸಂಭ್ರಮ ‘ಸಿಕ್ಲೊವಿಯಾ’. 1974ರಲ್ಲಿ ಶುರುವಾದ ಈ ಪದ್ಧತಿಯಂತೆ ಪ್ರತಿ ಭಾನುವಾರ ಮತ್ತು ರಜಾದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 120 ಕಿ.ಮೀ.ಗೂ ಹೆಚ್ಚು ರಸ್ತೆಯಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಅಜ್ಜಂದಿರು, ರೋಲರ್ ಸ್ಕೇಟ್ ತೊಟ್ಟ ಹುಡುಗಿಯರು, ನಾಯಿ ಹಿಡಿದವರು, ರೇಸ್ ಸೈಕಲ್ಲಿನ ಆತುರಗಾರರು ಎಲ್ಲರೂ ಒಂದೇ ಡಾಂಬರನ್ನು ಹಂಚಿಕೊಳ್ಳುತ್ತಾರೆ. ಪಕ್ಕದಲ್ಲೇ ಹಣ್ಣಿನ ರಸ, ಪಂಕ್ಚರ್ ರಿಪೇರಿ. ಉದ್ಯಾನಗಳಲ್ಲಿ ಉಚಿತ ಏರೋಬಿಕ್ಸ್. ಗುರುಗ್ರಾಮದಲ್ಲಿ 2013ರಲ್ಲಿ ಆರಂಭವಾದ ‘ರಾಹಗೀರಿ’ಗೂ ಇದೇ ಸ್ಫೂರ್ತಿ.

ಉಳಿದ ದಿನಗಳಿಗೆ ಪ್ರತ್ಯೇಕ ಸೈಕಲ್ ಪಥಗಳಿವೆ. ಎನ್ರಿಕೆ ಪೆನ್ಯಲೋಸಾ ಮೇಯರ್ ಆಗಿದ್ದಾಗ (1998–2000) ಭರದಿಂದ ಬೆಳೆದ ಈ ಜಾಲ ಈಗ 500 ಕಿ.ಮೀ. ದಾಟಿದೆ.

ನಡೆಯುವವರಿಗೆ ಹಳೆಯ ಬಡಾವಣೆ ಲಾ ಕಾಂಡೆಲಾರಿಯಾವೇ ಸರಿ. ಇಕ್ಕಟ್ಟಾದ ಏರುಬೀದಿಗಳು, ಬಣ್ಣದ ಮನೆಗಳು, ಗೋಡೆಚಿತ್ರಗಳು. ಪ್ರವೇಶ ಶುಲ್ಕವಿಲ್ಲದ ಬೊಟೆರೊ ವಸ್ತುಸಂಗ್ರಹಾಲಯವೂ ಇಲ್ಲಿದೆ. ಬೊಲಿವಾರ್ ಚೌಕದಿಂದ ಉತ್ತರಕ್ಕೆ ಹೊರಡುವ ಏಳನೇ ಕರೇರಾ ಎಂಬ ರಸ್ತೆಯ ಒಂದು ಭಾಗ ಪಾದಚಾರಿಗಳಿಗೇ ಮೀಸಲು.

ದಾರಿ ತಪ್ಪುವುದು ಕಷ್ಟ. ‘ಕಾಯೆ’ ಬೀದಿಗಳು ಬೆಟ್ಟದತ್ತ ಏರುತ್ತವೆ, ‘ಕರೇರಾ’ಗಳು ಬೆಟ್ಟಕ್ಕೆ ಸಮಾನಾಂತರವಾಗಿ ಸಾಗುತ್ತವೆ; ಎರಡಕ್ಕೂ ಹೆಸರಿಗಿಂತ ಸಂಖ್ಯೆಯೇ ಮುಖ್ಯ. 3,152 ಮೀಟರ್ ಎತ್ತರದ ಮೊನ್ಸೆರಾಟೆ ಶಿಖರ ಪೂರ್ವ ದಿಕ್ಕನ್ನು ಸದಾ ತೋರಿಸುತ್ತದೆ. ಮಳೆಯದ್ದು ಮಾತ್ರ ನಂಬಿಕೆಗೆ ಅರ್ಹವಲ್ಲದ ನಡತೆ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ವಿಶೇಷವಾಗಿ. ನೆನೆದವರಿಗೆ ಬಿಸಿ ‘ಅಗ್ವಾಪನೆಲಾ’ ಸಿಗುತ್ತದೆ: ಅಪ್ಪಟ ಬೆಲ್ಲದ ನೀರು, ಜೊತೆಗೆ ಚೀಸ್ ತುಂಡು.